ಕಲ್ಲುಸೇತುವೆಯ ಪರವಾಗಿ ಭಾಗ್ಯಮ್ಮನವರು ಹಾಕಿದ ಸಹಿ

ಇಂದ:
ಭಾಗ್ಯಮ್ಮ ಕೋಂ ವೆಂಕಟೇಶಪ್ಪ,
ಟೀ ಅಂಗಡಿ, ಕಲ್ಲುಸೇತುವೆ ಪಕ್ಕ,
ಟೆಕ್ ಪಾರ್ಕ್ ಹಿಂಭಾಗ, ವೈಟ್‌ಫೀಲ್ಡ್.

ಗೆ:
ಸಹಾಯಕ ನಿರ್ದೇಶಕರು,
ನದಿ ಅಂಚು ತೆರವು ಘಟಕ.

ವಿಷಯ: ಸೇತುವೆಯನ್ನು ನದಿಯಿಂದ ಐವತ್ತು ಮೀಟರ್ ದೂರ ಸರಿಸಲು ಆಗದಿರುವ ಬಗ್ಗೆ.

ಉಲ್ಲೇಖ: ಕಳೆದ ಸೋಮವಾರ ಸೇತುವೆಯ ಹೆಸರಿಗೆ ಬಂದ ತಮ್ಮ ನೋಟಿಸ್.

ಮಾನ್ಯರೇ,

ಸದರಿ ಭಾಗ್ಯಮ್ಮನವರು ಸುತ್ತಲಿನ ನಾಲ್ಕು ಅಪಾರ್ಟ್‌ಮೆಂಟುಗಳ ಕೊರಿಯರ್‌ಗಳನ್ನು ಸಹಿ ಹಾಕಿ ಇಸಿದುಕೊಳ್ಳುವ ವಾಡಿಕೆಯುಳ್ಳವರು. ಮನೆಗೆ ಬೀಗವಿದ್ದರೆ "ಆಂಟಿ ಹತ್ರ ಕೊಟ್ಬಿಡಿ" ಎಂಬುದೇ ಆ ಭಾಗದ ವಿಳಾಸ. ತಮ್ಮ ಜವಾನರು "ಮಾಲೀಕರು, ಮೂರು ಬಾಗಿಲ ಕಲ್ಲುಕಟ್ಟಡ" ಎಂದು ಬರೆದ ಲಕೋಟೆ ತಂದು, ಮೂರೂ ಬಾಗಿಲಲ್ಲಿ ಯಾರೂ ಕಾಣದ ಕಾರಣ ಅಂಗಡಿಗೆ ಬಂದರು. ಆದ್ದರಿಂದ ಭಾಗ್ಯಮ್ಮನವರು ಸಹಿ ಹಾಕಿದರು. ಸಹಿ ಹಾಕಿದ ಕಾರಣ ಅವರೇ ಮಾಲೀಕರೆಂದು ತಿಳಿದ ತಾವು, ಏಳು ದಿನದೊಳಗೆ ಕಟ್ಟಡ ಕೆಡವದಿದ್ದಲ್ಲಿ ಅವರ ಅಂಗಡಿಗೆ ಬೀಗ ಜಡಿಯುವುದಾಗಿ ತಿಳಿಸಿದ್ದೀರಿ.

೧. ಬಾಗಿಲೆಂದು ತಾವು ಎಣಿಸಿರುವುದು ಕಮಾನುಗಳು. ಅವುಗಳಲ್ಲಿ ವಾಸವಿರುವುದು ನದಿ. ಸದ್ಯ ಅದೂ ನೊರೆಯ ರೂಪದಲ್ಲಿ.

೨. ಕಟ್ಟಡದ ಚರಿತ್ರೆ ಕೇಳಿದ್ದೀರಿ. ಭಾಗ್ಯಮ್ಮನವರ ಮಾವನ ತಾತ ಇದಕ್ಕೆ ಕಲ್ಲು ಹೊತ್ತವರು. ನಡುವಿನ ಕಮಾನಿಗೆ ಆಸರೆಯಾಗಿದ್ದ ಮರಗಳನ್ನು ತೆಗೆಯುವ ದಿನ, ಕೆಲಸದ ಮೇಲೆ ತನಗಿರುವ ಭರವಸೆ ತೋರಿಸಲು ಮೇಸ್ತ್ರಿಯು ತನ್ನ ಅತ್ತೆಯನ್ನು ಕೆಳಗೆ ನಿಲ್ಲಿಸಿದನು. ಕಮಾನು ಬೀಳಲಿಲ್ಲ. ಮೇಸ್ತ್ರಿಗೆ ಇದರಿಂದ ಸಂತೋಷವಾಯಿತೇ ಎಂಬುದಕ್ಕೆ ದಾಖಲೆ ಲಭ್ಯವಿಲ್ಲ. ತರುವಾಯ ಎತ್ತಿನ ಗಾಡಿ, ಇಟ್ಟಿಗೆ ಲಾರಿ, ನೀರಿನ ಟ್ಯಾಂಕರ್, ಕಂಪನಿ ಕ್ಯಾಬು ಎಲ್ಲವೂ ದಾಟಿದವು. ಯಾರೂ ನಕ್ಷೆಯ ಮಂಜೂರಾತಿ ಕೇಳಲಿಲ್ಲ.

೩. ಸ್ಥಳ ತನಿಖೆಗೆ ಬಂದ ತಮ್ಮ ಸರ್ವೇಯರ್ ಹನುಮೇಶರವರು, ಕಂಪ್ಯೂಟರಿನಲ್ಲಿ ಸೇತುವೆ ಎಂಬ ಆಯ್ಕೆಯೇ ಇಲ್ಲದ ಕಾರಣ 'ವಾಸದ ಮನೆ' ಒತ್ತಿದ್ದಾಗಿ ಒಪ್ಪಿಕೊಂಡರು. ಆದರೂ, "ನದಿಯಿಂದ ಐವತ್ತು ಮೀಟ್ರು ಬಿಟ್ಟು ಕಟ್ಬೇಕಿತ್ತಮ್ಮ, ರೂಲ್ಸು" ಎಂದರು.

"ಅಷ್ಟು ದೂರ ಕಟ್ಟಿದ್ರೆ ಅದು ಸೇತುವೆ ಅಲ್ಲ ಸಾರ್, ಜಗ್ಲಿ. ಕೂತ್ಕೋಬೋದು, ದಾಟಕ್ಕಾಗಲ್ಲ" ಎಂದು ಭಾಗ್ಯಮ್ಮನವರು ಉತ್ತರಿಸಿದರು. ಸದರಿ ಹನುಮೇಶರವರು ಟೀ ಕುಡಿದು, ಅದೇ ವಾಸದ ಮನೆಯ ಮೇಲೆ ಬೈಕ್ ಓಡಿಸಿಕೊಂಡು ಹಿಂತಿರುಗಿದರು.

ಆದ್ದರಿಂದ, ಸಹಿಯನ್ನು ಕೊರಿಯರ್ ಸಹಿ ಎಂದು ಮಾತ್ರ ಪರಿಗಣಿಸಿ, ಅಂಗಡಿಗೆ ಬೀಗ ಜಡಿಯುವುದನ್ನು ಕೈಬಿಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ (ಮಾಲೀಕರಲ್ಲ),
ಭಾಗ್ಯಮ್ಮ

ಲಗತ್ತು:
ಸೇತುವೆಯ ಭಾವಚಿತ್ರ ಎರಡು, ಪಾಸ್‌ಪೋರ್ಟ್ ಅಳತೆ.
ನೋಟಿಸಿನ ಮೂಲಪ್ರತಿ, ಟೀ ಕಲೆ ಸಹಿತ.

ವಿ.ಸೂ.: ಕೆಡವುವುದೇ ಖಚಿತವಾದಲ್ಲಿ, ನದಿಗೆ ಇಳಿಯಲು ಜಾಗವಿರುವುದು ಅಂಗಡಿಯ ಕಡೆ ಮಾತ್ರ. ತಮ್ಮ ಜೆಸಿಬಿ ಸೇತುವೆ ದಾಟಿಯೇ ಇಲ್ಲಿಗೆ ಬರಬೇಕು, ಏಕೆಂದರೆ ಈ ದಡದ ಉಳಿದ ರಸ್ತೆಗಳೆಲ್ಲ ಟೆಕ್ ಪಾರ್ಕಿನ ಕಾಂಪೌಂಡಿಗೆ ಹೋಗಿ ನಿಲ್ಲುತ್ತವೆ. ಕೆಲಸ ಮುಗಿದ ಮೇಲೆ ಸಿಬ್ಬಂದಿ ಇಲ್ಲೇ ಉಳಿಯುವುದರಿಂದ ಊಟಕ್ಕೆ ಎಷ್ಟು ಜನ, ಎಷ್ಟು ದಿನ ಎಂಬುದನ್ನು ಮುಂಚಿತವಾಗಿ ತಿಳಿಸಬೇಕು. ಸುತ್ತಮುತ್ತ ಬೇರೆ ಅಂಗಡಿ ಇಲ್ಲ.