ಕೆಮ್ಮುವ ಇಂಜಿನ್

ಪೀಚ್ ಹಣ್ಣಿನ ಲಾರಿಯೊಂದು ಹಿಂದಿನಿಂದ ಗುದ್ದಿದ ಮೇಲೆ, ಮೇಕನ್ ಊರಿನ ಅಂಚೆ ಗುಮಾಸ್ತ ಥರ್ಮನ್ ಯಾನ್ಸಿಯ ಕಾರು ರಿಪೇರಿಯಾಗಿ ಮದುಮಗನ ಹಾಗೆ ಹೊಳೆಯುತ್ತ ಮನೆಗೆ ಬಂದಿತ್ತು. ಆದರೂ ಅದನ್ನು ಮಾರಿ ಮೀನು ಹಿಡಿಯುವ ದೋಣಿ ಕೊಳ್ಳಬೇಕೆಂದಿದ್ದ ಅವನ ಮುಖ ಬಾಡಿತ್ತು. ಪೆಟ್ಟು ತಿಂದ ಕಾರಿಗೆ ಮೊದಲಿನ ಬೆಲೆ ಯಾರು ಕೊಡುತ್ತಾರೆ?

ಲಾರಿಯ ವಿಮೆ ನೋಡಿಕೊಳ್ಳುವ ಹೆಂಗಸು ಬೆಳಿಗ್ಗೆ ಫೋನಿನಲ್ಲಿ, "ಅಪಘಾತದಿಂದ ಬೆಲೆ ಎಷ್ಟು ಇಳಿದಿದೆ ಅಂತ ಕಾರು ವ್ಯಾಪಾರಿ ಕೈಲಿ ಬರೆಸ್ಕೊಂಡು ಬನ್ನಿ, ಅಷ್ಟು ಕೊಡ್ತೀವಿ" ಎಂದಳು.

ಥರ್ಮನ್ ಅದನ್ನು ಹೇಳಿದ್ದೇ, ಬೇಲಿಯಾಚೆ ಬಟಾಣಿ ಬಿಡಿಸುತ್ತಿದ್ದ ಪಕ್ಕದ ಮನೆಯ ಮುದುಕಿ ಮಿಸ್ ಯೂಲಾಗೆ ಸಾಕಾಯಿತು. ಟೋಪಿ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. "ನಿಂಗೆ ವ್ಯವಹಾರ ಗೊತ್ತಾಗಲ್ಲ ಮಗಾ. ನಾನಿರ್ತೀನಿ."

ವ್ಯಾಪಾರಿ ಕ್ಲೀಟಸ್ ಕಾರಿಗೆ ಎರಡು ಸುತ್ತು ಬಂದ. "ಅಪಘಾತಕ್ಕೆ ಐನೂರು ಡಾಲರ್ ಕಮ್ಮಿ ಅಂತ ಬರೀಲಾ?"

ಥರ್ಮನ್ ಹೂಂ ಅನ್ನುವಷ್ಟರಲ್ಲಿ ಮಿಸ್ ಯೂಲಾ ಅವನ ತೋಳು ಚಿವುಟಿದಳು. "ಐನೂರೇನಾ? ಇದರ ಇಂಜಿನ್ ನಮ್ಮ ತಾತನ ಥರ ಕೆಮ್ಮತ್ತಪ್ಪ."

"ಹೌದಾ?" ಕ್ಲೀಟಸ್ ಪೆನ್ನು ತೆಗೆದ.

ದೋಣಿಗೆ ಒಳ್ಳೆಯ ಮೋಟಾರೂ ಬರಬಹುದೆಂದು ಥರ್ಮನ್‌ಗೆ ಆಸೆಯಾಯಿತು. "ಗೇರೂ ಜಾರತ್ತೆ" ಎಂದ.

"ಬ್ರೇಕು?"

"ಅದು ಅದರ ಮನಸ್ಸು ಬಂದಾಗ ಹಿಡಿಯತ್ತೆ" ಎಂದಳು ಮಿಸ್ ಯೂಲಾ. "ಎಲ್ಲಾ ಹುಟ್ಟಿದಾಗಿಂದ ಹಾಗೇ."

ಬೆಲೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು. ಮೂರು ಸಾವಿರ ಕಡಿಮೆ ಎಂದು ಬರೆದು ಕ್ಲೀಟಸ್ ಲಕೋಟೆ ಅಂಟಿಸಿಕೊಟ್ಟ. ವಿಮಾ ಕಚೇರಿಯವರೆಗೂ ಥರ್ಮನ್ ಶಿಳ್ಳೆ ಹಾಕುತ್ತ ಕಾರು ಓಡಿಸಿದ.

ಆ ಹೆಂಗಸು ಲಕೋಟೆ ಒಡೆದು ನಿಧಾನವಾಗಿ ಓದಿದಳು. "ಮೂರು ಸಾವಿರ ಕಡಿಮೆ. ಕಾರಣ, ಕೆಮ್ಮುವ ಇಂಜಿನ್, ಜಾರುವ ಗೇರು, ನಂಬಲಾಗದ ಬ್ರೇಕು. ಎಲ್ಲ ಹುಟ್ಟಿನಿಂದ ಬಂದ ರೋಗ ಎಂದು ಜೊತೆಗಿದ್ದ ಹಿರಿಯರೇ ಹೇಳಿದ್ದಾರೆ. ಇಂಥ ಕಾರಿಗೆ ಅಪಘಾತದಿಂದ ಇಳಿಯುವುದಕ್ಕೆ ಬೆಲೆಯೇ ಉಳಿದಿಲ್ಲ." ಕಾಗದ ಮಡಚಿ ಅವನ ಕಡೆ ತಳ್ಳಿದಳು. "ಹಾಗಾದ್ರೆ ನಮ್ಮಿಂದ ಏನೂ ಬರಲ್ಲ ಸರ್."

ಕೈಗೆ ಬಂದಿದ್ದ ಐನೂರನ್ನು ನೆನೆಯುತ್ತ ಥರ್ಮನ್ ಹೊರಗೆ ಬಂದು ಕಾರಿನ ಬಾಗಿಲು ತೆರೆದ. ಮಿಸ್ ಯೂಲಾ ಆಗಲೇ ಬಸ್ ಸ್ಟಾಪಿನ ಕಡೆ ಹೆಜ್ಜೆ ಹಾಕುತ್ತಿದ್ದಳು.

"ಬನ್ನಿ, ಮನೆಗೆ ಬಿಡ್ತೀನಿ" ಎಂದ.

"ಬೇಡ ಮಗಾ" ಎಂದಳು ಅವಳು, ತಿರುಗಿಯೂ ನೋಡದೆ. "ಬ್ರೇಕು ಹಿಡಿಯದ ಕಾರಲ್ಲಿ ಕೂರೋಕೆ ನಂಗೇನು ಜೀವ ಬೇಡವಾ?"