ನಾ ಆರಿಸಿದ ಪುಸ್ತಕ ಯಾರಿಗೆ ಬೇಕು?

ನನ್ನ ನೌಕರಿಯೊಳಗ ಒಂದಿಲ್ಲೊಂದು ಫಜೀತಿ ಆಕ್ಕೋಂತನ ಇರ್ತಾವ. ನಾ ಗ್ರಂಥಪಾಲಕ. ವರ್ಗ ಆದ ಊರಾಗೆಲ್ಲಾ ಗ್ರಂಥಾಲಯಕ್ಕ ಪುಸ್ತಕ ಆರಿಸೋ ಕೆಲಸ ನಂದ, ಅದರಾಗ ನಾ ಭಾರಿ ಹುಷಾರ ಅಂತ ತಿಳ್ಕೊಂಡಾವನೂ ನಾನ. ನಾ ಆರಿಸಿದ್ದೊಂದು ಪುಸ್ತಕ ಯಾರರ ಒಬ್ರು ತಾವಾಗೇ ಬಯಸಿ ಮನಿಗೆ ಒಯ್ಯಬೇಕು, ಅದನ್ನ ನೋಡಿ ನಾ ರಿಟೈರ್ ಆಗಬೇಕು. ಇಷ್ಟ ನನ್ನ ಆಸೆ.

ಹೆಂಡ್ತಿ ಅಂತಾಳ, "ನೀವು ಜೀವಮಾನದಾಗ ಸರಿಯಾಗಿ ಆರಿಸಿದ್ದು ನನ್ನೊಬ್ಬಾಕಿನ್ನ. ಅದೂ ನಿಮ್ಮವ್ವ ಆರಿಸಿದ್ದು."

ಹಾನಗಲ್ಲ: ಕೇಳಿ ತಂದದ್ದು

ಮಂದೀನ್ನ ಕೇಳೇ ತರೂಣು ಅಂತ, ಪೇಪರ್ ಓದಾಕ ಬಂದವ್ರನ್ನೆಲ್ಲಾ ಕುಂದ್ರಿಸಿ ಕೇಳಿದೆ. "ತತ್ವಶಾಸ್ತ್ರ ತರಸ್ರಿ" ಅಂದ್ರು ಒಬ್ಬ ಹಿರಿಯರು. ಉಳಿದವ್ರೂ "ಹೌದ್ ಹೌದ್" ಅಂದ್ರು. ಹಿಗ್ಗಿ ಹೀರೇಕಾಯಿ ಆಗಿ ಕಪಾಟು ತುಂಬ ತತ್ವಶಾಸ್ತ್ರ ತರಿಸಿದೆ. ಒಬ್ಬರೂ ಮುಟ್ಟಲಿಲ್ಲ. ಎಲ್ಲಾರೂ ಮತ್ತ ಪೇಪರಿನ ರಾಶಿಭವಿಷ್ಯಕ್ಕ ಜಗ್ಗಾಡಾಕತ್ತಿದ್ರು.

"ಯಾಕ್ರಿ, ನೀವ ಕೇಳಿದ್ರಲ್ಲ?" ಅಂದೆ.

ಹಿರಿಯರು ಚಷ್ಮಾ ಒರಸ್ಕೊಂತ ಅಂದ್ರು, "ನಾಕು ಮಂದಿ ಮುಂದ ಕೇಳಿದ್ರಿ. ಅಡಗಿ ಪುಸ್ತಕ ಬೇಕು ಅಂತ ಹೆಂಗ ಹೇಳೂದ್ರಿ?"

ಶಿಗ್ಗಾವಿ: ಬಣ್ಣದ ಚಿತ್ರ

ಅದು ರೈತರ ತರಬೇತಿ ಕೇಂದ್ರದ ಗ್ರಂಥಾಲಯ. ಕಾದಂಬರಿ ಗೀದಂಬರಿ ನಡಿಯಂಗಿಲ್ಲ. ಬೆಳಿ, ಗೊಬ್ಬರ, ರೋಗ, ಇಷ್ಟ. ಬಣ್ಣದ ಚಿತ್ರ ಭಾಳ ಅದಾವು ಅಂತ ನಾ ಸೇಬಿನ ರೋಗಗಳ ಮ್ಯಾಲಿನ ದಪ್ಪನ ಪುಸ್ತಕ ಆರಿಸಿದೆ. ಹಿರೇಬೆಂಡಿಗೇರಿ ರೈತರೊಬ್ರು ಒಂದೊಂದ ಪುಟ ತಿರುವಿ ನೋಡಿದ್ರು. ಇವತ್ತ ಇವ್ರು ಒಯ್ತಾರ ಅಂತ ನಾ ಪೆನ್ನು ಹಿಡಕೊಂಡು ಕುಂತೆ.

"ಚಂದ ಐತ್ರಿ ಸಾಹೇಬ್ರ" ಅಂದ್ರು. "ರೋಗ ತರಿಸೀರಿ. ಹಂಗ ಗಿಡಾನೂ ತರಸ್ರಿ."

ಸವಣೂರು: ಬೇಕಾದವ್ರು ಒಯ್ಯಬಹುದು

ಇಲ್ಲಿ ಹೊಸಾ ಪುಸ್ತಕಕ್ಕ ಜಾಗಾನ ಇರಲಿಲ್ಲ. ಹಳೇವು, ಹರಕು ತಗದು ಬಾಗಲದಾಗ ರಾಶಿ ಹಾಕಿ, "ಬೇಕಾದವ್ರು ಒಯ್ಯಬಹುದು" ಅಂತ ಬೋರ್ಡ್ ಇಟ್ಟೆ. ಯಪ್ಪಾ, ಸಂತಿ ಬಿಟ್ಟು ಬಂದ್ರು ಮಂದಿ! ಇದ ಛಲೋ ಅವಕಾಶ ಅಂತ, ನಾ ಮೆಚ್ಚಿ ಕೊಂಡಿದ್ದ ನನ್ನ ಸ್ವಂತದ ಪುಸ್ತಕ ಒಂದನ್ನ ಮೆಲ್ಲಕ ರಾಶ್ಯಾಗ ಸೇರಿಸಿದೆ.

ಸಂಜಿಗೆ ನೋಡ್ತೇನಿ, ರಟ್ಟು ಇಲ್ಲದ್ದೂ ಹೋಗೇತಿ, ಹಳೇ ಪಂಚಾಂಗಾನೂ ಹೋಗೇತಿ, ಬೋರ್ಡೂ ಹೋಗೇತಿ. ನನ್ನ ಪುಸ್ತಕ ಒಂದ ಕುಂತೈತಿ.

ಹಿರೇಕೆರೂರು: ಪೇಡೆ

ಕಡೀ ಊರು. ಇಲ್ಲಿ ನಾ ಆರಿಸಿದ್ದು ಬಾವಿಗಳ ಇತಿಹಾಸ, ಎರಡನೇ ಭಾಗ. ಮೊದಲನೇದು ಅಂಗಡ್ಯಾಗ ತೀರಿತ್ತು. ತೀರೇತಿ ಅಂದ್ರ ಛಲೋನ ಇರಬೇಕು ಅಂತ ನನ್ನ ತರ್ಕ. ವರ್ಷಗಟ್ಟಲೆ ಧೂಳ ತಿಂತು. ರಿಟೈರ್ ಆಗೂ ವಾರ ಒಂದ ಮುಂಜಾನೆ ಬಂದ್ ನೋಡಿದ್ರ, ಜಾಗ ಖಾಲಿ! ಯಾರೂ ಬರಸಿ ಒಯ್ದಿರಲಿಲ್ಲ. ಕಳುವಾಗಿತ್ತು.

"ಪೊಲೀಸ್ರಿಗೆ ಹೇಳೂಣೇನ್ರಿ?" ಅಂದ ಜವಾನ.

"ಹುಚ್ಚಾ, ಪೇಡೆ ತಗೊಂಡ್ ಬಾ!" ಅಂದೆ. ಖರೇ ಹೇಳ್ತೇನಿ, ಕಣ್ಣಾಗ ನೀರ ಬಂತು. ನಾ ಆರಿಸಿದ್ದನ್ನ ಕದಿಯೂವಷ್ಟು ಆಸೆ ಒಬ್ರಿಗೆ ಆಗೇತಿ! ಪೇಪರ್ ಓದವ್ರಿಗೆಲ್ಲಾ ಪೇಡೆ ಹಂಚಿದೆ. ಹೆಂಡ್ತಿಗೆ ಫೋನ್ ಹಚ್ಚಿ, "ಕೇಳ ಇಲ್ಲೆ, ನನ್ನ ಪುಸ್ತಕ ಕಳುವಾತು!" ಅಂತ ಒದರಿದೆ.

ಮರುದಿನ ಹಂಸಭಾವಿಯ ರಿಟೈರ್ ಆದ ಮಾಸ್ತರೊಬ್ರು ಚೀಲ ಹಿಡಕೊಂಡು ಬಂದ್ರು. "ತಪ್ಪಾತ್ರಿ. ಆ ಬಾವಿ ಪುಸ್ತಕದ ಮೊದಲನೇ ಭಾಗ ನನಗ ಬೀಳ್ಕೊಡುಗಿಯಾಗ ಕೊಟ್ಟಿದ್ರು. ತಲಿಗೆ ಏನೂ ಹತ್ತಲಿಲ್ಲ. ಎರಡನೇದು ಓದಿದ್ರರ ತಿಳಿದೀತು ಅಂತ ಒಯ್ದಿದ್ದೆ."

"ಅಲ್ರಿ, ಬರಸಿ ಒಯ್ಯಬೇಕಿಲ್ಲೇನ್ರಿ?" ಅಂದೆ.

"ಇಂಥಾ ಪುಸ್ತಕ ಒಯ್ಯೂದು ನಾಕು ಮಂದಿ ನೋಡಿದ್ರ ಏನ್ ಅಂತಾರ್ರಿ?"

ಚೀಲದಾಗಿಂದ ಪುಸ್ತಕ ತಗದು ಟೇಬಲ್ ಮ್ಯಾಲೆ ಇಟ್ರು. ನೋಡಿದ್ರ ಎರಡು.

"ಮಾಸ್ತರ್ರ, ಕಳುವಾಗಿದ್ದು ಒಂದ ಅಲ್ಲೇನ್ರಿ?"

"ಮೊದಲನೇದೂ ನೀವ ಇಟ್ಕೊರ್ರಿ. ಮನ್ಯಾಗ ಬ್ಯಾಡ ಅಂದಾರ" ಅಂದು, ತಾಟಿನಾಗ ಉಳಿದಿದ್ದ ಪೇಡೆ ಬಾಯಾಗ ಹಾಕ್ಕೊಂಡು ಕೇಳಿದ್ರು, "ಪೇಡೆ ಯಾತಕ್ರಿ? ಏನ್ ವಿಶೇಷ?"