‘ಬಂದೆ’ ಅನ್ನಬೇಕು

ಹೊಳೆನರಸೀಪುರದಲ್ಲಿ ಹುಟ್ಟಿ, ಹೇಮಾವತಿಯ ನೀರು ಕುಡಿದೇ ಬೆಳೆದು, ಆ ಹೇಮಾವತಿಯನ್ನೇ ಕಳ್ಳಿ ಎಂದು ಕರೆಯುವ ಎದೆಗಾರಿಕೆ ಇದ್ದದ್ದು ನಮ್ಮಕ್ಕ ಒಬ್ಬಳಿಗೇ. ಹೊಳೆ ಏನನ್ನು ಕದಿಯುತ್ತದೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. ನೀರಿನ ಹತ್ತಿರ ಹೋದವರ ಜೀವದಲ್ಲಿ ಒಂದು ಚೂರು ಅಲ್ಲೇ ಆಟವಾಡುತ್ತ ಕುಳಿತುಬಿಡುತ್ತದಂತೆ. ಹೊರಡುವಾಗ ಹೆಸರು ಹಿಡಿದು ಮನೆಗೆ ಬಾ ಎಂದು ಕರೆಯಬೇಕು. ಕರೆಸಿಕೊಂಡವರು ‘ಬಂದೆ’ ಅನ್ನಬೇಕು. ಅನ್ನದಿದ್ದರೆ ಮನೆಗೆ ಬರುವುದು ಬರೀ ಮೈ.

ನಮ್ಮ ಮನೆಯಲ್ಲಿ ಎಳೆಯ ಮಕ್ಕಳಿಗೆ ಹೀಗೆ ಮಾಡುವ ರೂಢಿ ಇತ್ತು. ಅಕ್ಕ ಮಾತ್ರ ವಯಸ್ಸಿನ ಭೇದ ಇಟ್ಟುಕೊಂಡಿರಲಿಲ್ಲ. ನನಗೆ ಮೀಸೆ ಬಂದ ಮೇಲೂ, ಮದುವೆಯಾದ ಮೇಲೂ, ಹೊಳೆಯಲ್ಲಿ ಮಿಂದು ಬರುವಾಗ ಬೀದಿಯ ಜನರೆದುರು ‘ಬಂದೆ’ ಅಂದಿದ್ದೇನೆ. ಅನ್ನದೆ ಇರುವ ಧೈರ್ಯ ನನಗೆಲ್ಲಿಂದ ಬರಬೇಕು? ಬಾವಿಗೆ ಬಿಂದಿಗೆ ಬಿದ್ದ ಸದ್ದು ಕೇಳಿದರೆ ಮೊದಲು ಮನೆಯವರ ತಲೆ ಎಣಿಸುವ ಜಾತಿ ನಾನು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಭಾವ ಬೇಗ ತೀರಿಕೊಂಡಿದ್ದರಿಂದ ತವರಿಗೇ ಬಂದು ನಿಂತಿದ್ದಳು. ಅವಳಿಗೂ ಒಂದು ಹೆಸರಿತ್ತು. ಆದರೆ ನನಗೆ ಅಕ್ಕ, ನನ್ನ ಹೆಂಡತಿಗೂ ಅಕ್ಕ, ಹಾಲು ಹಾಕುವವನಿಗೂ ಅಕ್ಕ. ಹೀಗೆ ಆ ಹೆಸರು ಪೆಟ್ಟಿಗೆಯ ತಳದ ರೇಷ್ಮೆ ಸೀರೆಯಂತೆ ಬಳಕೆಗೆ ಬಾರದೆ ಉಳಿದುಹೋಯಿತು.

ಒಮ್ಮೆ ನಮ್ಮ ಬಸ್ಸು ಎಂಜಿನ್ನಿಗೆ ನೀರು ಹಾಕಲು ಚನ್ನರಾಯಪಟ್ಟಣದ ಕೆರೆಯ ಹತ್ತಿರ ನಿಂತಿತು. ಜನರೆಲ್ಲ ಇಳಿದು ಕೈಕಾಲು ತೊಳೆದರು. ವಾಪಸು ಹತ್ತುವಾಗ ನೋಡುತ್ತೇನೆ, ಅಕ್ಕ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಹೆಸರು ಕೇಳಿ, ಕೆರೆಯ ಕಡೆ ತಿರುಗಿ ಕರೆಯುತ್ತಿದ್ದಾಳೆ! ಜನ ನಗುತ್ತಲೇ ‘ಬಂದೆ ಕಣವ್ವ’ ಎಂದು ಹತ್ತಿದರು. ಕರಿಕೋಟು, ಜರಿಪೇಟದ ಅರಕಲಗೂಡಿನ ಅಧಿಕಾರಿಯೊಬ್ಬರು ಮಾತ್ರ, ಹೆಸರು ಕೇಳುವುದಕ್ಕೆ ನೀನ್ಯಾರು ಎಂದು ಗದರಿದರು. ಅಕ್ಕ ಅಂಜಲಿಲ್ಲ. “ಪ್ಯಾಟದಣ್ಣಾ, ಬಾರಪ್ಪ, ಓಗಾನ,” ಎಂದು ಕೂಗಿ ಬಂದು ಕುಳಿತಳು. ಅವರು ತುಟಿ ಬಿಗಿದೇ ಇದ್ದರು. ಬಸ್ಸು ಕೆರೆಯ ಏರಿ ದಾಟಿತು, ನೀರು ಮರೆಯಾಗುವುದರಲ್ಲಿತ್ತು. ಆಗ ಹಿಂದಿನ ಸೀಟಿನಿಂದ ಕೆಮ್ಮಿನ ನಡುವೆ ಸಣ್ಣಗೆ ಕೇಳಿಸಿತು: “ಬಂದೆ.”

ಅಕ್ಕ ತಿರುಗಿ ನೋಡಲಿಲ್ಲ. ನನ್ನ ಪಕ್ಕೆಗೆ ತಿವಿದಳು. “ನೋಡ್ದಾ, ಈಗ ಒಬ್ರು ಜಾಸ್ತಿ ಆದ್ರು. ಸರ್ಕಂಡು ಕೂತ್ಕಳ್ಲಾ.”

ಇಂಥ ಅಕ್ಕನನ್ನು ನಾನು ಕೊಲಂಬೋಗೆ ಕರೆದುಕೊಂಡು ಹೋದೆ. ಎರಡನೆಯ ಮಹಾಯುದ್ಧದ ಮಾತು ಇನ್ನೂ ಪತ್ರಿಕೆಯಲ್ಲಿಯೇ ಇದ್ದ ಕಾಲ. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಸಾಹುಕಾರರು ಅಲ್ಲಿದ್ದ ತಮ್ಮ ನಂಟರ ಮಂಡಿಗೆ ಕಳುಹಿಸಿದ್ದರು. ಹೆಂಡತಿ, ಮೂರು ವರ್ಷದ ಮಗಳು ಗೌರಿ, ಅಕ್ಕ, ಒಂದು ಮೂಟೆ ರಾಗಿಹಿಟ್ಟು, ಇವಿಷ್ಟರೊಡನೆ ರೈಲು ಹತ್ತಿದೆ. ಗೌರಿ ಬಾಯಿಬಡಕಿ. ದಾರಿಯ ಪ್ರತಿ ಸ್ಟೇಷನ್ನಿನಲ್ಲೂ “ಇದು ನಮ್ಮೂರಾ?” ಎಂದು ಕೇಳಿ ಕೇಳಿ, ಎದುರಿಗೆ ಕುಳಿತಿದ್ದ ತಮಿಳರಿಗೂ ಆ ಎರಡು ಮಾತು ಬಾಯಿಪಾಠವಾಗಿತ್ತು.

ಧನುಷ್ಕೋಟಿಯಲ್ಲಿ ಹಡಗು ಹತ್ತಿದ್ದೇ ತಡ, ಅಕ್ಕ ವಾಂತಿ ಮಾಡಿಕೊಳ್ಳುತ್ತ ಮೂಲೆ ಹಿಡಿದಳು. ಆಚೆ ಇಳಿಯುವಾಗ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ನನ್ನ ಹೆಗಲಿಗೆ ಒರಗಿ ಇಳಿದಳು. ಅಂದು ಯಾರೂ ಯಾರನ್ನೂ ಕರೆಯಲಿಲ್ಲ.

ಅಂದಿನಿಂದ ಗೌರಿಯ ಮಾತು ನಿಂತಿತು.

ಜ್ವರವಿಲ್ಲ, ನೆಗಡಿಯಿಲ್ಲ. ಕೊಟ್ಟದ್ದನ್ನು ತಿನ್ನುವಳು, ಕಿಟಕಿಯಲ್ಲಿ ಕೂರುವಳು, ಕರೆದರೆ ತಿರುಗಿ ನೋಡುವಳು. ಮಾತು ಮಾತ್ರ ಇಲ್ಲ. ಹೊಸ ಜಾಗ, ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಸರಿಹೋಗದಿದ್ದರೆ? ನಾನು ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ಕಿವಿ ಪರೀಕ್ಷಿಸಿದೆ. ನಾಲಗೆ ಚಾಚಿಸಿ ನೋಡಿದೆ. ಮೂಗಿಯ ಮದುವೆ ಹೇಗೆ ಎಂಬಲ್ಲಿಯವರೆಗೆ ಚಿಂತಿಸಿ ಎರಡು ಊಟ ಬಿಟ್ಟೆ. ನನ್ನ ಹೆಂಡತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರಿನ ಮನೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದಳು, ಎಲ್ಲಾದರೂ ಒಂದು ಕಡೆ ಮಗು ಬಾಯಿ ಹಾಕೀತೆಂದು.

ಅಕ್ಕನಿಗೆ ಅನುಮಾನವೇ ಇರಲಿಲ್ಲ. “ಮಾತು ನೀರತ್ರ ಕುಂತೈತೆ ಕಣ್ಲಾ. ನಾನು ಕರೀಲಿಲ್ಲ, ಅದು ಬರ್ಲಿಲ್ಲ. ನಡೀರಿ ಎಲ್ಲಾರೂ.”

ನಾವು ಇಳಿದ ಜಾಗ ಇಲ್ಲಿಂದ ಒಂದು ರಾತ್ರಿಯ ರೈಲುದಾರಿ ಎಂದೆ. ನೀರೆಲ್ಲ ಒಂದೇ ಅಲ್ಲವೇ ಎಂದಳು. ಭೂಗೋಳ ಓದಿದ ನಾನು, ರಜೆ ಯಾವತ್ತು ಎಂದು ಕ್ಯಾಲೆಂಡರು ನೋಡಿದೆ.

ಭಾನುವಾರ ರಾಗಿರೊಟ್ಟಿಯ ಬುತ್ತಿ ಕಟ್ಟಿಕೊಂಡು ಸಮುದ್ರದ ದಂಡೆಗೆ ಹೋದೆವು. ಹಡಗಿನಲ್ಲಿ ಕಣ್ಣು ಮುಚ್ಚಿಕೊಂಡೇ ಬಂದಿದ್ದ ಅಕ್ಕ ಸಮುದ್ರವನ್ನು ನೆಟ್ಟಗೆ ನೋಡಿದ್ದು ಆಗಲೇ. ಬಹಳ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಎಂತಾ ಒಳೆಲಾ ಇದು, ಆಚೆ ದಡ ಮಡಗೋದೇ ಮರ್ತವ್ರೆ.” ಬಿಳಿ ದೊರೆಗಳ ಮಕ್ಕಳು ಅಲೆಯಲ್ಲಿ ಕುಣಿಯುತ್ತಿದ್ದರು. ನಾನು ಗೌರಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು ಮರಳಿನಲ್ಲಿ ಕೂತದ್ದೂ ಒಂದೇ ಕೈ ಊರಿ. ರೊಟ್ಟಿ ಮುಗಿಯಿತು. ಬಿಸಿಲು ಇಳಿಯಿತು. ಅಕ್ಕ ಸೆರಗು ಸುತ್ತಿಕೊಂಡು ಮೊಣಕಾಲಿನವರೆಗೆ ನೀರಿಗೆ ಇಳಿದು ಕೂಗಿದಳು: “ಗೌರೀ, ಬಾರವ್ವಾ, ಮನೀಗ್ ಓಗಾನ.”

ಗೌರಿ ನೋಡಿದಳು, ಅಷ್ಟೆ.

ಅಕ್ಕ ಇನ್ನೂ ಗಟ್ಟಿಯಾಗಿ ಕೂಗಿದಳು. ಹೆಂಗಸೊಬ್ಬಳು ಸಮುದ್ರದೊಳಗೆ ನಿಂತು ಹೆಸರು ಹಿಡಿದು ಕೂಗುತ್ತಿದ್ದರೆ ಕಂಡವರು ಏನೆಂದುಕೊಂಡಾರು? ಬೆಸ್ತರು ಕೈಯಲ್ಲಿದ್ದ ಬಲೆ ಬಿಸಾಡಿ ಓಡಿಬಂದರು. ಇಬ್ಬರು ನೀರಿಗೆ ಧುಮುಕಿಯೇಬಿಟ್ಟರು. ಒಬ್ಬ ಮುದುಕ, ಮುಳುಗಿದ್ದು ಯಾರು ಎಂದು ತಮಿಳಿನಲ್ಲಿ ಕೇಳಿದ. ಗೌರಿ ಎಂದೆ. ಗೌರಿ ಎಲ್ಲಿ ಎಂದ. ಇಗೋ, ಎಂದು ನನ್ನ ಕೈಹಿಡಿದಿದ್ದ ಮಗುವನ್ನು ತೋರಿಸಿದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬರುವ ಅರೆಬರೆ ತಮಿಳಿನಲ್ಲಿ ಬೆವರುತ್ತ ಎಲ್ಲ ವಿವರಿಸಿದೆ. ಬೈಯುತ್ತಾನೆ ಎಂದುಕೊಂಡರೆ, ಮುದುಕ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಸೊಂಟಕ್ಕೆ ಕಟ್ಟಿ, ಅಕ್ಕನ ಪಕ್ಕ ಹೋಗಿ ನಿಂತು ತಾನೂ “ಗೌರೀ” ಎಂದು ಕೂಗಿದ. ಉಳಿದವರೂ ಕೂಗಿದರು. ಕಡಲೆಕಾಯಿ ಮಾರುವವಳೂ ಕೂಗಿದಳು.

ಅಲೆಯ ಸದ್ದು ಬಿಟ್ಟರೆ ಏನೂ ಇಲ್ಲ. ಮುದುಕ ಮಗುವಿನ ತಲೆ ಸವರಿ ಹೊರಟುಹೋದ.

ಅಕ್ಕ ನೀರಿನಿಂದ ಬಂದು ಒದ್ದೆ ಸೀರೆಯಲ್ಲೇ ಮರಳಿನ ಮೇಲೆ ಕುಸಿದಳು. ಅವಳು ಸೋತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನೀವು ನಡೀರಿ, ಹಿಂದಿನಿಂದ ಬರುತ್ತೇನೆ ಎಂದು ಕೈಬೀಸಿದಳು. ನಾವು ನಡೆದೆವು. ರಸ್ತೆಯ ಹತ್ತಿರ ಬಂದಾಗ ಗೌರಿ ನನ್ನ ಕೈ ಕಿತ್ತುಕೊಂಡು ನಿಂತಳು. ದೂರದಲ್ಲಿ ಅಕ್ಕ ನಮ್ಮ ಕಡೆಗೆ ಬೆನ್ನು ಮಾಡಿ ನೀರು ನೋಡುತ್ತ ಕೂತಿದ್ದಳು.

“ಅತ್ತೇ,” ಎಂದಳು ಗೌರಿ. ಗಂಟಲು ಒರಟಾಗಿತ್ತು. “ಅತ್ತೇ, ನೀನೂ ಬಾ, ಓಗಾನ.”

ನನ್ನ ಹೆಂಡತಿ ಅಲ್ಲೇ ಕೂತು ಮಗುವನ್ನು ಅಪ್ಪಿಕೊಂಡಳು. ನನಗೆ ಬೇರೇನೋ ಹೊಳೆಯಿತು. ಹೊಳೆಯಿಂದ, ಕೆರೆಯಿಂದ, ಬಾವಿಯಿಂದ ಊರನ್ನೆಲ್ಲ ಮನೆಗೆ ಕರೆದವಳನ್ನು ಅಮ್ಮ ಹೋದ ಮೇಲೆ ಯಾರೂ ಕರೆದಿರಲಿಲ್ಲ.

ಅಕ್ಕ ಎದ್ದಳು. ಸೀರೆಯ ಮರಳನ್ನೂ ಕೊಡವಲಿಲ್ಲ. “ಬಂದೆ ಕಣವ್ವಾ,” ಎಂದಳು. “ಬಂದೆ.”

ಯುದ್ಧ ಹತ್ತಿರ ಬಂದಾಗ ನಾವು ಊರಿಗೆ ಮರಳಿದೆವು. ಗೌರಿ ಮತ್ತೆ ಬಾಯಿ ಮುಚ್ಚಿದ್ದಿಲ್ಲ. ಅದೇ ಈಗ ನನ್ನ ಚಿಂತೆ. ಹೋದ ಬೇಸಗೆಯಲ್ಲಿ ಅಕ್ಕ ತೀರಿಕೊಂಡಳು. ಹೇಮಾವತಿಯಲ್ಲಿ ಬೂದಿ ಬಿಟ್ಟು ಮಿಂದೆವು. ಹಿಂತಿರುಗಿ ನೋಡಬಾರದು, ಕರೆಯಬಾರದು, ನೆಟ್ಟಗೆ ಮನೆಗೆ ನಡೆಯಿರಿ ಎಂದರು ಪುರೋಹಿತರು. ಅಂಜುಬುರುಕ ನಾನು ನೋಡಲಿಲ್ಲ. ಮೆಟ್ಟಿಲ ಮೇಲೆ ಕಾಯುತ್ತಿದ್ದ ಗೌರಿ ನೋಡಿದಳು. ಅಕ್ಕನಿಗೆ ನಮ್ಮ ಅಪ್ಪ ಅಮ್ಮ ಇಟ್ಟಿದ್ದ, ಯಾರೂ ಬಳಸದೆ ಉಳಿದಿದ್ದ, ಆಗಷ್ಟೇ ಪುರೋಹಿತರ ಮಂತ್ರದಲ್ಲಿ ಕೇಳಿದ್ದ ಹೆಸರು ಹಿಡಿದು, “ಬಾ ಅತ್ತೆ, ಮನೀಗ್ ಓಗಾನ,” ಎಂದು ಮೆಲ್ಲಗೆ ಕರೆದಳು. ಪುರೋಹಿತರು ನನ್ನ ಮುಖ ನೋಡಿದರು. ನಾನು ಕೇಳಿಸದವನಂತೆ ಹೋಗಿ ಜಟಕಾ ಹತ್ತಿದೆ.

ಹತ್ತಿ, ಒಂದು ಆಳಿಗೆ ಜಾಗ ಬಿಟ್ಟು, ಸರಿದು ಕೂತೆ.